ಮುಂಗಾಲಿಯ ಕೀಲು

ಎತ್ತಿನ ಗಾಡಿಯ ಕಾಲವನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಗಾಡಿಯ ಕೆಳಗೆ, ಅಚ್ಚಿನ ಮಗ್ಗುಲಲ್ಲಿ, ಒಂದು ಬಿದಿರಿನ ಗೊಟ್ಟ ತೂಗಾಡುತ್ತಿರುತ್ತಿತ್ತು. ಅದರಲ್ಲಿ ಕಪ್ಪಗೆ ಜಿಗುಟಾದ ಕೀಲೆಣ್ಣೆ. ದೂರದ ಊರಿಗೆ ಹೊರಡುವ ಮುನ್ನ ಗಾಡಿಯವನು ಕಡಾಣಿ ಕಿತ್ತು, ಗಾಲಿಯನ್ನು ಒಂದಿಷ್ಟು ಹೊರಕ್ಕೆ ಸರಿಸಿ, ಅಚ್ಚಿಗೆ ಎಣ್ಣೆ ಬಳಿದು, ಮತ್ತೆ ಗಾಲಿಯನ್ನು ಒಳಕ್ಕೆ ತಳ್ಳಿ ಕಡಾಣಿ ಹಾಕುತ್ತಿದ್ದ. ಈ ಕೆಲಸವನ್ನು ಅವನಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಕೀಲು ಒಣಗಿದರೆ ಗಾಲಿ ಕಳಚುತ್ತದೆ, ಗಾಲಿ ಕಳಚಿದರೆ ಗಾಡಿಯಲ್ಲಿರುವ ಮಕ್ಕಳುಮರಿಯ ಗತಿಯೇನು ಎಂಬುದು ಅವನಿಗೆ ಗೊತ್ತಿತ್ತು.

ಗಾಡಿ ಹೋಗಿ ಮೋಟಾರು ಬಂತು. ಕೀಲು ಮಾತ್ರ ಹೋಗಲಿಲ್ಲ. ಕಣ್ಣಿಗೆ ಕಾಣದ ಎಡೆಯಲ್ಲಿ ಹೋಗಿ ಅಡಗಿತು, ಅಷ್ಟೇ. ಅಂಥ ಒಂದು ಕೀಲಿನ ಕಥೆಯನ್ನು, ಅದು ಸವೆದಾಗ ಬಿಚ್ಚಿ ಹೊಸದಾಗಿ ಕೂಡಿಸುವ ಬಗೆಯನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಕೀಲು ಇರುವುದು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನಲ್ಲಿ. ಆ ಕಾರನ್ನು ನಮ್ಮಲ್ಲಿ ಅನೇಕರು ನೋಡಿರಲಾರರು. ಆದರೂ ಆ ಕೀಲು ನಮಗೆ ಅಪರಿಚಿತವಲ್ಲ. ಅದು ಹೇಗೆಂಬುದನ್ನು ಮೊದಲು ಹೇಳುತ್ತೇನೆ.

ಇಂಗ್ಲೆಂಡಿನ ಕಾವೆಂಟ್ರಿ ನಗರದಲ್ಲಿದ್ದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯವರು ೧೯೫೯ರಲ್ಲಿ ಹೆರಾಲ್ಡ್ ಎಂಬ ಸಣ್ಣ ಕಾರನ್ನು ಹೊರತಂದರು. ಅದರ ರೂಪರೇಖೆಯನ್ನು ಬರೆದವನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಇದೇ ಕಾರನ್ನು ೧೯೬೧ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿದರು. ಮುಂದೆ ಇಂಗ್ಲೆಂಡಿನಲ್ಲಿಲ್ಲದ ನಾಲ್ಕು ಬಾಗಿಲಿನ ಹೆರಾಲ್ಡನ್ನೂ ಅಲ್ಲಿಯೇ ಮಾಡಿದರು. ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳ ಬೀದಿಗಳಲ್ಲಿ ಡಾಕ್ಟರುಗಳೂ ವಕೀಲರೂ ಓಡಿಸುತ್ತಿದ್ದ ಆ ಪುಟ್ಟ ಕಾರು ಹಿರಿಯರಿಗೆ ನೆನಪಿದ್ದೀತು. ಇತ್ತ ಇಂಗ್ಲೆಂಡಿನಲ್ಲಿ, ಹೆರಾಲ್ಡಿನ ಚೌಕಟ್ಟನ್ನೇ ಗಿಡ್ಡ ಮಾಡಿ, ಎರಡು ಗಾಲಿಗಳ ನಡುವಣ ೯೧.೫ ಅಂಗುಲವನ್ನು ೮೩ ಅಂಗುಲಕ್ಕೆ ಇಳಿಸಿ, ಮಿಕೆಲೊಟ್ಟಿಯ ಕೈಯಿಂದಲೇ ಇಬ್ಬರು ಕೂರುವ ತೆರೆದ ಕಾರೊಂದನ್ನು ಬರೆಸಿದರು. ೧೯೬೨ರಲ್ಲಿ ಅದು ಸ್ಪಿಟ್‌ಫೈರ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದ ಪ್ರಸಿದ್ಧ ಯುದ್ಧವಿಮಾನದ ಹೆಸರು ಅದು. ೧೯೮೦ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರುಗಳು ತಯಾರಾದುವು. ಮೈಕಟ್ಟು ಬೇರೆಯಾದರೂ ಮುಂಗಾಲಿಗಳ ಕಟ್ಟು ಮಾತ್ರ ಹೆರಾಲ್ಡಿನದೇ. ಆದ್ದರಿಂದ ಈ ಕಥೆ ಕಾವೆಂಟ್ರಿಯದು ಎಷ್ಟೋ ಮೈಸೂರಿನದೂ ಅಷ್ಟೇ.

ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ. ೧೯೭೪ರಲ್ಲಿ ಮೈಸೂರಿನಲ್ಲಿ ನಾನೊಂದು ಹಳೆಯ ಹೆರಾಲ್ಡ್ ಕೊಂಡೆ. ಯಂತ್ರಗಳ ಮೇಲೆ ನನಗೆ ಮೊದಲಿನಿಂದಲೂ ಆಸೆ. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಹಳೆಯ ಪಂಚೆಯುಟ್ಟು, ಗ್ರೀಸ್ ಗನ್ನು ಹಿಡಿದು ಕಾರಿನಡಿ ನುಸುಳಿ, ಎಲ್ಲೆಲ್ಲಿ ನಿಪ್ಪಲ್ ಕಂಡಿತೋ ಅಲ್ಲೆಲ್ಲ ಗ್ರೀಸ್ ತುಂಬುತ್ತಿದ್ದೆ. ಕಾರನ್ನು ನನ್ನಷ್ಟು ಚೆನ್ನಾಗಿ ನೋಡಿಕೊಳ್ಳುವವರಿಲ್ಲವೆಂಬ ಹೆಮ್ಮೆಯೂ ಇತ್ತು. ೧೯೭೮ರ ಒಂದು ಸಂಜೆ ತಾಯಿ, ಹೆಂಡತಿ, ಮೂರು ವರ್ಷದ ಮಗ, ಎಲ್ಲರನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದೆ. ಮನೆಯ ಗೇಟಿನೊಳಕ್ಕೆ ತಿರುಗಿಸಲು ಸ್ಟಿಯರಿಂಗನ್ನು ಕೊನೆಯವರೆಗೆ ಸುತ್ತಿದೆ. 'ಟಣ್' ಎಂದು ಒಂದು ಶಬ್ದ. ಕಾರಿನ ಎಡ ಮೂತಿ ನೆಲಕ್ಕೆ ಕುಸಿಯಿತು. ಇಳಿದು ನೋಡಿದರೆ ಮುಂಗಾಲಿ ಮುರಿದ ಕಾಲಿನಂತೆ ಹೊರಕ್ಕೆ ವಾಲಿಕೊಂಡಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಕಾಲು ಗಂಟೆಯ ಹಿಂದೆ ನಾವು ಬೆಟ್ಟದ ಇಳಿಜಾರಿನಲ್ಲಿದ್ದೆವು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮಾರನೆಯ ದಿನ ಬಂದ ಹಳೆಯ ಮೆಕ್ಯಾನಿಕ್ಕರೊಬ್ಬರು ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಉಗುರಿನಿಂದ ಕೆರೆದರು. ಸುಣ್ಣದಂತೆ ಗಟ್ಟಿಯಾದ ಗ್ರೀಸು ಉದುರಿತು. ಅದರ ಹಿಂದೆ ಕೆಂಪು ತುಕ್ಕು. "ಸ್ವಾಮಿ, ಇದು ಗ್ರೀಸು ತಿನ್ನೋ ಜಾತಿ ಅಲ್ಲ, ಎಣ್ಣೆ ಕುಡಿಯೋ ಜಾತಿ. ನೀವು ಪ್ರೀತಿಯಿಂದಲೇ ಇದರ ಉಸಿರು ಕಟ್ಟಿಸಿದ್ದೀರಿ" ಎಂದರು.

ಅವರ ಮಾತಿನ ಅರ್ಥ ತಿಳಿಯಬೇಕಾದರೆ ಆ ಕೀಲಿನ ರಚನೆಯನ್ನು ಸ್ವಲ್ಪ ನೋಡಬೇಕು. ಮುಂಗಾಲಿಗೆ ಎರಡು ಬಗೆಯ ಚಲನೆ ಬೇಕು. ರಸ್ತೆಯ ಹಳ್ಳದಿಣ್ಣೆಗೆ ತಕ್ಕಂತೆ ಅದು ಮೇಲೆ ಕೆಳಗೆ ಆಡಬೇಕು. ಸ್ಟಿಯರಿಂಗಿಗೆ ತಕ್ಕಂತೆ ಎಡಕ್ಕೆ ಬಲಕ್ಕೆ ಹೊರಳಬೇಕು. ಇದಕ್ಕಾಗಿ ಚೌಕಟ್ಟಿನಿಂದ ಹೊರಕ್ಕೆ ಎರಡು ಕವಲುತೋಳುಗಳು ಚಾಚಿಕೊಂಡಿರುತ್ತವೆ, ಒಂದು ಮೇಲೆ, ಒಂದು ಕೆಳಗೆ. ಕೋಳಿಯ ಎದೆಯ ಕವಲುಮೂಳೆಯ ಆಕಾರವಾದ್ದರಿಂದ ಇವಕ್ಕೆ ವಿಷ್‌ಬೋನ್ ಎಂದು ಹೆಸರು. ಎರಡು ತೋಳುಗಳ ತುದಿಗಳ ನಡುವೆ ಉಕ್ಕಿನ ಒಂದು ನಿಲುಗಂಬ. ವರ್ಟಿಕಲ್ ಲಿಂಕ್ ಎನ್ನುತ್ತಾರೆ. ಗಾಲಿ ತಿರುಗುವ ಸ್ಟಬ್ ಆಕ್ಸಲ್ ಈ ಕಂಬಕ್ಕೆ ಕಚ್ಚಿಕೊಂಡಿದೆ. ಕಂಬದ ತಲೆ ಮೇಲಿನ ತೋಳಿಗೆ ಒಂದು ಬಾಲ್ ಜಾಯಿಂಟಿನಿಂದ ಸೇರಿದೆ. ಬುಡದಲ್ಲಿಯೇ ವಿಶೇಷ. ಅಲ್ಲಿ ಕಂಬಕ್ಕೆ ತಿರುಪಿನ ಸುತ್ತುಗಳನ್ನು ಕೊರೆದು, ಅದನ್ನು ಕಂಚಿನ ಜಾತಿಯ ಮಿಶ್ರಲೋಹದ ಒಂದು ಗೂಡಿನೊಳಕ್ಕೆ ತಿರುಗಿಸಿದ್ದಾರೆ. ಈ ಗೂಡಿಗೆ ಟ್ರನ್ನಿಯನ್ ಎಂದು ಹೆಸರು. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಂಬವು ಬಾಟಲಿಯ ತಿರುಪು ಮುಚ್ಚಳದಂತೆ ಗೂಡಿನೊಳಗೆ ಒಂದಿಷ್ಟು ಸುತ್ತುತ್ತದೆ. ಗೂಡಿನ ಕೆಳಭಾಗದಲ್ಲಿ ಅಡ್ಡಲಾಗಿ ಒಂದು ರಂಧ್ರ. ಅದರಲ್ಲಿ ನೈಲಾನ್ ಬುಷ್ಷುಗಳು, ಅವುಗಳ ನಡುವೆ ಉಕ್ಕಿನ ಕೊಳವೆ, ಕೊಳವೆಯೊಳಗೆ ಉದ್ದನೆಯ ಬೋಲ್ಟು. ಆ ಬೋಲ್ಟಿನಿಂದ ಗೂಡು ಕೆಳತೋಳಿಗೆ ಕೂಡಿಕೊಂಡು ಮೇಲೆ ಕೆಳಗೆ ಆಡುತ್ತದೆ.

ಈ ಏರ್ಪಾಡಿನಿಂದ ದೊಡ್ಡ ಅನುಕೂಲವಿತ್ತು. ಮುಂಗಾಲಿಗಳು ಬಹಳ ದೂರ ಹೊರಳಬಲ್ಲವಾದ್ದರಿಂದ ಹೆರಾಲ್ಡ್ ಸುಮಾರು ೨೫ ಅಡಿಯ ಸುತ್ತಿನಲ್ಲಿ ತಿರುಗುತ್ತಿತ್ತು. ನಮ್ಮ ಇಕ್ಕಟ್ಟಿನ ಬೀದಿಗಳಲ್ಲಿ ಅದು ಬುಗುರಿಯಂತೆ ತಿರುಗುವುದನ್ನು ಕಂಡು ಬೇರೆ ಕಾರಿನವರು ಅಸೂಯೆಪಡುತ್ತಿದ್ದರು. ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದ ಲೋಟಸ್ ಕಂಪನಿಯವರು ಕೂಡ ತಮ್ಮ ಎಲಾನ್ ಕಾರಿಗೆ ಇದೇ ಮನೆತನದ ನಿಲುಗಂಬವನ್ನು ತೆಗೆದುಕೊಂಡರು. ವಿನ್ಯಾಸ ಕೆಟ್ಟದ್ದೆಂದು ಹೇಳುವಂತಿಲ್ಲ. ಅದು ಕೇಳುವುದು ಒಂದೇ ಒಂದು ಉಪಚಾರವನ್ನು.

ಆ ಉಪಚಾರ ಏಕೆಂದರೆ, ಕಾರಿನ ಭಾರ ಬೀಳುವ ದಾರಿಯನ್ನು ಗಮನಿಸಿ. ಸುರುಳಿ ಸ್ಪ್ರಿಂಗು ನಿಂತಿರುವುದು ಕೆಳತೋಳಿನ ಮೇಲೆ. ಕಾರಿನ ಆ ಮೂಲೆಯ ಭಾರವೆಲ್ಲ ಸ್ಪ್ರಿಂಗಿನಿಂದ ಕೆಳತೋಳಿಗೆ, ತೋಳಿನಿಂದ ಗೂಡಿಗೆ, ಗೂಡಿನಿಂದ ತಿರುಪಿನ ಸುತ್ತುಗಳಿಗೆ, ಅಲ್ಲಿಂದ ಕಂಬಕ್ಕೆ, ಕಂಬದಿಂದ ಗಾಲಿಗೆ ಹೋಗುತ್ತದೆ. ಮೇಲಿನ ಬಾಲ್ ಜಾಯಿಂಟು ದಾರಿ ತೋರುವುದಷ್ಟೇ. ಹೊರೆ ಹೊರುವುದು ಕೆಳಗಿನ ತಿರುಪು. ಸ್ಪಿಟ್‌ಫೈರ್ ತೂಕ ಸುಮಾರು ೭೦೦ ಕಿಲೋಗ್ರಾಂ. ಹಾಗಾದರೆ ಹೆಬ್ಬೆರಳಿನ ಗಾತ್ರದ ಆ ತುದಿಯನ್ನು ಒಂದು ಒಂದೂವರೆ ಕ್ವಿಂಟಲಿಗೂ ಮಿಗಿಲಾದ ಭಾರ ಸದಾ ಕೆಳಕ್ಕೆ ಜಗ್ಗುತ್ತಿರುತ್ತದೆ. ಹಳ್ಳಕ್ಕೆ ಬಿದ್ದಾಗ ಅದರ ಎಷ್ಟೋ ಪಾಲು. ಗೂಡಿನೊಳಗೆ ಎಣ್ಣೆಯಿದ್ದರೆ ಅದು ಸುತ್ತುಗಳ ಸಂದಿನಲ್ಲಿ ಹರಿದು, ಲೋಹಕ್ಕೂ ಲೋಹಕ್ಕೂ ನಡುವೆ ಪೊರೆಯಾಗಿ ನಿಂತು, ನೀರನ್ನು ಹೊರಗಿಡುತ್ತದೆ. ಗ್ರೀಸು ಹಾಗೆ ಹರಿಯದು. ಬಾಯಿಯಲ್ಲಿಯೇ ನಿಂತು ಕಾಲಕ್ರಮದಲ್ಲಿ ಒಣಗಿ ಬಿರಡೆಯಾಗುತ್ತದೆ. ಆಮೇಲೆ ಎಣ್ಣೆ ಹಾಕಿದರೂ ಒಳಕ್ಕಿಳಿಯದು. ನೀರು ಮಾತ್ರ ಹೇಗೋ ನುಸುಳುತ್ತದೆ. ಉಕ್ಕಿಗೆ ತುಕ್ಕು ಹಿಡಿದು, ಆ ತುಕ್ಕೇ ಅರದಂತೆ ಮೆತ್ತಗಿನ ಗೂಡನ್ನು ಕೆರೆಯುತ್ತದೆ. ಕೊನೆಗೆ, ಸುತ್ತುಗಳು ಮುಗಿಯುವ ಕಡೆ ಕಂಬದಲ್ಲಿ ಒಂದು ಸೀಳು ಹುಟ್ಟುತ್ತದೆ. ಪೂರ್ತಿ ತಿರುಗಿಸಿದ ಸ್ಟಿಯರಿಂಗು ಅದಕ್ಕೆ ಕೊನೆಯ ಏಟು. ಈ ಕಾರುಗಳ ಕಂಬ ಗೇಟಿನ ಬಳಿ, ನಿಲ್ದಾಣದಲ್ಲಿ ಮುರಿಯುವುದೇ ಹೆಚ್ಚು ಎನ್ನುವುದು ಇದರಿಂದಲೇ. ಆದರೆ ಗೇಟಿನ ಬಳಿಯೇ ಮುರಿಯುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ನನ್ನ ಕಾರಿಗೆ ಹಿಂದಿನ ಯಾರೋ ಟ್ರನ್ನಿಯನ್ನಿನ ಬಿರಡೆ ತೆಗೆದು ಶಾಶ್ವತವಾಗಿ ನಿಪ್ಪಲ್ ಕೂಡಿಸಿಬಿಟ್ಟಿದ್ದರು. ನಿಪ್ಪಲ್ ಕಂಡ ಕೈಗೆ ಗ್ರೀಸ್ ಗನ್ನು ತಾನಾಗಿ ಬರುತ್ತದೆ. ಕೈಪಿಡಿ ಓದದೆ ಕೈ ಆಡಿಸಿದ್ದು ನನ್ನ ತಪ್ಪು.

ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಅಂದು ಕುಳಿತಿದ್ದ ಮಗ ಈಗ ಕಾವೆಂಟ್ರಿಯ ಸಮೀಪದಲ್ಲಿ ಇಂಜಿನಿಯರು. ೨೦೨೩ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಮನೆಯ ಮುಂದೆ ೧೯೭೨ರ ಒಂದು ಸ್ಪಿಟ್‌ಫೈರ್ ನಿಂತಿತ್ತು. ಹನ್ನೆರಡು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಾನುವಾರ ಸುತ್ತಾಡಬೇಕೆಂಬುದು ಅವನ ಆಸೆ. ನಾನು ಮೊದಲು ಕೇಳಿದ್ದು ಬಣ್ಣವನ್ನಲ್ಲ, ಇಂಜಿನ್ನನ್ನಲ್ಲ. "ಮುಂದಿನ ಟ್ರನ್ನಿಯನ್ ನೋಡಿದೆಯೇನೋ?" ಎಂದೆ. "ಇಲ್ಲಪ್ಪ, ಕೊಟ್ಟವರು ಎಲ್ಲ ಸರಿಯಾಗಿದೆ ಅಂದರು" ಎಂದ. ಇನ್ನೊಂದು ಮಾತೂ ಇತ್ತು. ಬ್ರಿಟನ್ನಿನಲ್ಲಿ ಕಾರುಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಯುಂಟು. ಆದರೆ ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಟಾಗದ ವಾಹನಗಳಿಗೆ ೨೦೧೮ರ ಮೇ ತಿಂಗಳಿನಿಂದ ಅದರ ವಿನಾಯಿತಿ ಸಿಕ್ಕಿದೆ. ಅಂದರೆ ಆ ಕಾರಿನಡಿಯಲ್ಲಿ ಇಣುಕುವ ಅಧಿಕಾರಿ ಯಾರೂ ಇಲ್ಲ. ಇಣುಕಬೇಕಾದವನು ಯಜಮಾನನೇ.

ಮೊದಲ ಪರೀಕ್ಷೆ ಬಹು ಸುಲಭ. ಯಾವ ಹಳೆಯ ಕಾರಿಗೂ ತಾವು ಮಾಡಬಹುದು. ಚೌಕಟ್ಟಿಗೆ ಜಾಕಿ ಕೊಟ್ಟು ಮುಂಗಾಲಿಯನ್ನು ನೆಲದಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರಿಯ ಜಾಕಿಯನ್ನು ನಂಬಿ ಕಾರಿನಡಿ ತಲೆ ಹಾಕಲೇಬಾರದು. ಆಮೇಲೆ ಗಾಲಿಯ ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಕೊಟ್ಟು ಒಳಕ್ಕೂ ಹೊರಕ್ಕೂ ಅಲುಗಿಸಬೇಕು. ಲಟಲಟ ಎಂದರೆ ಎಲ್ಲೋ ಸವೆತವಿದೆ. ಎಲ್ಲಿ ಎಂದು ತಿಳಿಯಲು ಒಳಗೆ ಕುಳಿತವರೊಬ್ಬರು ಬ್ರೇಕ್ ಒತ್ತಬೇಕು. ಬ್ರೇಕ್ ಒತ್ತಿದೊಡನೆ ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು, ನಿಲ್ಲದಿದ್ದರೆ ಕೀಲುಗಳದು. ಗಾಲಿಯನ್ನು ಎಡಬಲಗಳಲ್ಲಿ ಹಿಡಿದು ಅಲುಗಿಸಿದರೆ ಸ್ಟಿಯರಿಂಗಿನ ತುದಿಯ ಕೀಲುಗಳ ಸವೆತ ತಿಳಿಯುತ್ತದೆ. ನಮ್ಮ ಕಾರಿನಲ್ಲಿ ಬ್ರೇಕ್ ಒತ್ತುವ ಕೆಲಸ ಮೊಮ್ಮಗಳದು. ಅವಳು ಒತ್ತಿದಳು, ಮಗ ಅಲುಗಿಸಿದ, ನಾನು ಟಾರ್ಚು ಹಿಡಿದೆ. ಬಲಗಡೆ ಅಷ್ಟಾಗಿ ಇರಲಿಲ್ಲ. ಎಡಗಡೆಯಲ್ಲಿ ಬ್ರೇಕ್ ಒತ್ತಿದರೂ ಅಲುಗಾಟ ನಿಲ್ಲಲಿಲ್ಲ. ಕಂಬ ಗೂಡಿನೊಳಗೆ ಆಡುವುದು ಬೆಳಕಿಗೆ ಸ್ಪಷ್ಟವಾಗಿ ಕಂಡಿತು.

ಸ್ಪಿಟ್‌ಫೈರಿನಲ್ಲಿ ದುರಸ್ತಿಗೆ ಕೂರುವುದು ಒಂದು ಸುಖ. ಬಾನೆಟ್ಟು, ಮಡ್‌ಗಾರ್ಡು, ದೀಪಗಳು ಎಲ್ಲ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಮುಂಗಾಲಿಯ ಕಟ್ಟೆಲ್ಲ ಅಂಗಡಿಯಲ್ಲಿ ಹರಡಿಟ್ಟ ಸಾಮಾನಿನಂತೆ ಎದುರಿಗಿರುತ್ತದೆ. ಬಿಚ್ಚುವ ಕ್ರಮ ಹೀಗೆ. ಮೊದಲು ಗಾಲಿ ತೆಗೆಯುವುದು. ಬ್ರೇಕಿನ ಕ್ಯಾಲಿಪರನ್ನು ಎರಡು ಬೋಲ್ಟು ಬಿಚ್ಚಿ ಪಕ್ಕಕ್ಕೆ ಸರಿಸಿ ತಂತಿಯಿಂದ ಕಟ್ಟುವುದು. ಅದರ ರಬ್ಬರು ಕೊಳವೆಯ ಮೇಲೆ ನೇತುಬಿಟ್ಟರೆ ಕೊಳವೆ ಕೆಡುತ್ತದೆ. ಆಮೇಲೆ ಕಾಟರ್ ಪಿನ್ನು ಎಳೆದು, ನಟ್ಟು ತೆಗೆದು, ಹಬ್ಬನ್ನು ಡಿಸ್ಕ್ ಸಮೇತ ಹೊರತೆಗೆಯುವುದು. ಸ್ಟಿಯರಿಂಗಿನ ಸಲಾಕೆಯ ತುದಿಯನ್ನು ಬಿಡಿಸುವುದು. ಸ್ಪ್ರಿಂಗು ಮತ್ತು ಡ್ಯಾಂಪರು ಇಲ್ಲಿ ಒಂದೇ ಘಟಕ: ತಲೆಯಲ್ಲಿ ಮೂರು ನಟ್ಟು, ಬುಡದಲ್ಲಿ ಒಂದು ಬೋಲ್ಟು. ಇವಿಷ್ಟನ್ನು ಬಿಚ್ಚಿದರೆ ಘಟಕ ಇಡಿಯಾಗಿ ಕೈಗೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಆ ಘಟಕದ ನೆತ್ತಿಯ ನಡುವೆ ಇನ್ನೊಂದು ನಟ್ಟಿದೆ. ಸ್ಪ್ರಿಂಗನ್ನು ಅದುಮುವ ಸಾಧನ ಹಾಕಿ ಬಿಗಿಹಿಡಿಯದೆ ಅದನ್ನು ಎಂದೂ ಮುಟ್ಟಕೂಡದು. ಅದುಮಿಕೊಂಡಿರುವ ಸ್ಪ್ರಿಂಗು ಬಿಲ್ಲಿನಿಂದ ಬಿಟ್ಟ ಬಾಣ. ಎದುರಿಗಿರುವುದು ಕೈಯೋ ಮುಖವೋ ಎಂದು ಅದು ನೋಡುವುದಿಲ್ಲ.

ಇನ್ನು ಉಳಿದದ್ದು ಟ್ರನ್ನಿಯನ್ನಿನ ಅಡ್ಡಬೋಲ್ಟು. ಐವತ್ತು ವರ್ಷ ಮಳೆ ಮತ್ತು ಚಳಿಗಾಲದ ರಸ್ತೆಯ ಉಪ್ಪು ತಿಂದ ಬೋಲ್ಟು ತನ್ನ ಉಕ್ಕಿನ ಕೊಳವೆಯೊಂದಿಗೆ ತುಕ್ಕಿನಿಂದ ಒಂದಾಗಿಬಿಟ್ಟಿತ್ತು. ನಟ್ಟು ಬಂತು, ಬೋಲ್ಟು ಬರಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆವು, ಬರಲಿಲ್ಲ. ಬಡಿದೆವು, ಬರಲಿಲ್ಲ. ಕಡೆಗೆ ತೋಳಿಗೂ ಗೂಡಿಗೂ ನಡುವಣ ಸಂದಿನಲ್ಲಿ ಹ್ಯಾಕ್ಸಾ ಗರಗಸ ತೂರಿಸಿ ಎರಡು ಕಡೆಯಲ್ಲೂ ಕೊಯ್ಯಬೇಕಾಯಿತು. ಒಂದು ಬೋಲ್ಟಿಗೆ ಒಂದು ಬೆಳಗು. ಇಂಥ ಕೆಲಸಕ್ಕೆ ಕೈ ಹಾಕುವವರು ಹೊಸ ಬೋಲ್ಟುಗಳನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಜಾಣತನ.

ಆಮೇಲೆ ತಲೆಯ ಬಾಲ್ ಜಾಯಿಂಟನ್ನು ಬಿಡಿಸಿ, ಕಂಬವನ್ನು ಗೂಡಿನ ಸಮೇತ ತಂದು ಮೇಜಿನ ವೈಸಿನಲ್ಲಿ ಹಿಡಿದು, ಗೂಡನ್ನು ತಿರುಗಿಸಿ ಬಿಚ್ಚಿದೆವು. ಒಳಗೆ ಕಂಡದ್ದನ್ನು ನಾನು ಮೊದಲೇ ಬಲ್ಲೆ. ನಲವತ್ತೈದು ವರ್ಷಗಳ ಕೆಳಗೆ ಮೈಸೂರಿನಲ್ಲಿ ನೋಡಿದ ಅದೇ ಒಣ ಗ್ರೀಸು.

ಮಗ ಸೀಮೆಎಣ್ಣೆಯಲ್ಲಿ ಕಂಬವನ್ನು ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿದ. ಸುತ್ತುಗಳು ಒಂದಿಷ್ಟು ತೆಳುವಾಗಿದ್ದರೂ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದುವು. "ಅಪ್ಪಾ, ಗೂಡು ಮಾತ್ರ ಸವೆದಿದೆ. ಹೊಸ ಗೂಡು ಹಾಕಿದರೆ ಸಾಕು. ಕಂಬ ಉಕ್ಕಿನದು, ಕಾರಿನ ಜತೆಗೇ ಬಂದದ್ದು, ಅದನ್ನೇ ಇಟ್ಟುಕೊಳ್ಳೋಣ" ಎಂದ. ಹಳೆಯ ಕಾರಿನವರಿಗೆ ಮೂಲದ ಭಾಗಗಳ ಮೇಲೆ ಮೋಹವಿರುತ್ತದೆ, ಅದನ್ನು ತಪ್ಪೆನ್ನಲಾರೆ. ಆದರೆ ಈ ಎರಡು ಭಾಗಗಳು ಗಂಡಹೆಂಡಿರಿದ್ದಂತೆ; ಒಂದನ್ನೊಂದು ಸವೆಸಿಕೊಂಡೇ ಹಳೆಯದಾಗಿರುತ್ತವೆ. ಗುಳಿಬಿದ್ದ ಕಂಬಕ್ಕೆ ಹೊಸ ಗೂಡು ತೊಡಿಸಿದರೆ ಅದು ಬಹುಬೇಗ ಹಳೆಯ ಗೂಡಿನಂತೆಯೇ ಆಗುತ್ತದೆ. "ಪರೀಕ್ಷೆ ಮಾಡಿ ಆಮೇಲೆ ಹೇಳು" ಎಂದೆ.

ಸೀಳನ್ನು ಹುಡುಕಲು ಒಂದು ಬಣ್ಣದ ಪರೀಕ್ಷೆಯಿದೆ. ಶುದ್ಧವಾಗಿ ಒರೆಸಿದ ಲೋಹಕ್ಕೆ ಸೂಕ್ಷ್ಮವಾಗಿ ಇಳಿಯುವ ಕೆಂಪು ದ್ರವವನ್ನು ಹಚ್ಚಿ ಸ್ವಲ್ಪ ಹೊತ್ತು ಬಿಡುತ್ತಾರೆ. ಅನಂತರ ಮೇಲಿನ ಬಣ್ಣವನ್ನೆಲ್ಲ ಒರೆಸಿ, ಸುಣ್ಣದ ಪುಡಿಯಂಥ ಬಿಳಿಯ ಲೇಪವನ್ನು ಸಿಂಪಡಿಸುತ್ತಾರೆ. ಎಲ್ಲಾದರೂ ಸೀಳಿದ್ದರೆ ಅದರೊಳಗೆ ಅಡಗಿದ್ದ ಕೆಂಪು ಹೊರಕ್ಕೆ ಒಸರಿ ಬಿಳುಪಿನ ಮೇಲೆ ಗೆರೆಯಾಗಿ ಮೂಡುತ್ತದೆ. ನಾವು ಮೂವರೂ ಮೇಜಿನ ಸುತ್ತ ನಿಂತು ಕಾದೆವು. ಎಡಗಡೆಯ ಕಂಬದಲ್ಲಿ, ಸುತ್ತುಗಳು ಮುಗಿದು ನುಣುಪು ಭಾಗ ಆರಂಭವಾಗುವ ಎಡೆಯಲ್ಲಿ, ಕೂದಲೆಳೆಯಂಥ ಕೆಂಪು ಗೆರೆಯೊಂದು ನಿಧಾನವಾಗಿ ಮೂಡಿ ಕಾಲು ಸುತ್ತು ಹರಡಿತು. ಮೊಮ್ಮಗಳು ಮೊದಲು ನೋಡಿದಳು: "ತಾತ, ಇಲ್ಲಿ ಕುಂಕುಮದ ಗೆರೆ!" ಎಂದಳು. ಮಗ ಏನೂ ಮಾತಾಡಲಿಲ್ಲ. ಕಂಬವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, ಒಳಗೆ ಹೋಗಿ ಎರಡು ಕಡೆಗೂ ಹೊಸ ಕಂಬ, ಹೊಸ ಗೂಡುಗಳಿಗೆ ಬರೆದು ಹಾಕಿದ. ಕಾರಿನ ತಯಾರಿಕೆ ನಿಂತು ನಲವತ್ತು ವರ್ಷ ಕಳೆದರೂ ಆ ದೇಶದಲ್ಲಿ ಈ ಭಾಗಗಳು ಹೊಸದಾಗಿ ತಯಾರಾಗಿ ದೊರೆಯುತ್ತವೆ. ಆ ಕಾರುಗಳ ಪ್ರೇಮಿಗಳ ಸಂಘಗಳೂ ಇವೆ. ಯಾವ ಭಾಗ ಗಟ್ಟಿ, ಯಾವುದು ಟೊಳ್ಳು ಎಂದು ಅವರನ್ನು ಕೇಳಿ ಕೊಳ್ಳುವುದು ಒಳ್ಳೆಯದು.

ಕೂಡಿಸುವಾಗ ಮರೆಯಬಾರದ ಮಾತುಗಳು ಕೆಲವಿವೆ. ಎಡ ಬಲಗಳ ಗೂಡುಗಳು ಒಂದೇ ಅಲ್ಲ. ಬಲಗಡೆಯದಕ್ಕೆ ಬಲ ತಿರುಪು. ಎಡಗಡೆಯದಕ್ಕೆ ಎಡ ತಿರುಪು. ಅದಲುಬದಲಾದರೆ ಕೂಡುವುದಿಲ್ಲ, ಬಲವಂತ ಮಾಡಿದರೆ ಹೊಸ ಸುತ್ತುಗಳೇ ಹಾಳಾಗುತ್ತವೆ. ಗೂಡನ್ನು ಕಂಬಕ್ಕೆ ಕೊನೆಯವರೆಗೆ ತಿರುಗಿಸಿ, ಆಮೇಲೆ ಎರಡು ಪಕ್ಕಕ್ಕೂ ಪೂರ್ತಿ ಹೊರಳುವಷ್ಟು ಹಿಂದಕ್ಕೆ ಬಿಡಬೇಕು. ತಳ ಮುಟ್ಟುವಂತೆ ಬಿಗಿದುಬಿಟ್ಟರೆ ಸ್ಟಿಯರಿಂಗ್ ತಿರುಗಿಸಿದಾಗ ಕಂಬ ಗೂಡನ್ನು ಒಡೆಯಲು ನೋಡುತ್ತದೆ. ಕಂಬ ಗೂಡಿನೊಳಕ್ಕಿಳಿಯುವ ಬಾಯಿಗೆ ರಬ್ಬರಿನ ಒಂದು ಬಳೆಯುಂಟು. ನೀರಿಗೆ ಅದೇ ಬಾಗಿಲು; ಹಳೆಯದನ್ನು ಮತ್ತೆ ಹಾಕಬಾರದು. ಹೊಸ ಅಡ್ಡಬೋಲ್ಟಿಗೆ ಧಾರಾಳವಾಗಿ ಗ್ರೀಸ್ ಬಳಿಯಿರಿ; ಅಲ್ಲಿ ಗ್ರೀಸು ತಕ್ಕದ್ದೇ. ಮುಂದೆ ಬಿಚ್ಚುವವನು ನಿಮ್ಮನ್ನು ಹರಸುತ್ತಾನೆ.

ತೋಳುಗಳ ಒಳತುದಿಗಳಲ್ಲಿ ರಬ್ಬರು ಬುಷ್ಷುಗಳಿವೆ. ಸಾಬೂನಿನ ನೀರು ಸವರಿದರೆ ಹೊಸವು ಸಲೀಸಾಗಿ ಒಳಹೋಗುತ್ತವೆ. ಎಣ್ಣೆ ಸವರಿದರೆ ರಬ್ಬರು ಕೊಳೆಯುತ್ತದೆ. ಕೆಳತೋಳಿನ ಬ್ರಾಕೆಟ್ಟಿಗೂ ಚೌಕಟ್ಟಿಗೂ ನಡುವೆ ತೆಳುವಾದ ತಗಡಿನ ಶಿಮ್ಮುಗಳಿರುತ್ತವೆ. ಗಾಲಿ ನೆಟ್ಟಗಿರಬೇಕೋ ವಾಲಬೇಕೋ ಎಂಬುದನ್ನು ನಿರ್ಧರಿಸುವುದು ಅವೇ. ಎಲ್ಲಿ ಎಷ್ಟಿದ್ದುವೆಂದು ಬಿಚ್ಚುವಾಗಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಇನ್ನೊಂದು ಮುಖ್ಯ ಮಾತು. ರಬ್ಬರು ಬುಷ್ಷಿನ ಬೋಲ್ಟುಗಳನ್ನು ಗಾಲಿ ನೇತಾಡುತ್ತಿರುವಾಗ ಕೊನೆಯದಾಗಿ ಬಿಗಿಯಬಾರದು. ಕಾರನ್ನು ನೆಲಕ್ಕಿಳಿಸಿ, ಸೀಟಿನಲ್ಲಿ ಜನರನ್ನು ಕೂರಿಸಿ, ತೋಳುಗಳು ತಮ್ಮ ಸಹಜ ಸ್ಥಿತಿಗೆ ಬಂದಮೇಲೆ ಬಿಗಿಯಬೇಕು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಲಿಯ ಬೇರಿಂಗಿನ ನಟ್ಟನ್ನು ಹಗುರವಾಗಿ ಬಿಗಿದು, ಆರು ಮುಖಗಳಲ್ಲಿ ಒಂದು ಮುಖದಷ್ಟು ಹಿಂದಕ್ಕೆ ಬಿಟ್ಟು, ಹೊಸ ಕಾಟರ್ ಪಿನ್ನು ಹಾಕಬೇಕು. ಎಲ್ಲ ಮುಗಿದಮೇಲೆ ಎರಡು ಗಾಲಿಗಳ ದಿಕ್ಕನ್ನು ಅಳೆಸಿ ಸರಿಮಾಡಿಸಬೇಕು. ಇಲ್ಲದಿದ್ದರೆ ಹೊಸ ಟೈರು ಒಂದೇ ಮಗ್ಗುಲಿಗೆ ಸವೆಯುತ್ತದೆ.

ಕೊನೆಗೆ ಎಣ್ಣೆ. ಗೂಡಿನ ಪಕ್ಕದಲ್ಲಿ ಪುಟ್ಟ ತಿರುಪು ಬಿರಡೆಯಿದೆ. ಅದನ್ನು ತೆಗೆದು, ತಾತ್ಕಾಲಿಕವಾಗಿ ನಿಪ್ಪಲ್ ಹಾಕಿ, ಗನ್ನಿನಲ್ಲಿ ಗ್ರೀಸಿನ ಬದಲು ಇ.ಪಿ. ೯೦ ಎಂಬ ಗೇರ್ ಎಣ್ಣೆ ತುಂಬಿ, ಮೇಲಿನ ಬಾಯಿಯಿಂದ ಎಣ್ಣೆ ಒಸರುವವರೆಗೆ ಒತ್ತಬೇಕು. ಆಮೇಲೆ ನಿಪ್ಪಲ್ ತೆಗೆದು ಬಿರಡೆಯನ್ನೇ ಹಾಕಬೇಕು. ಮಗ ಗನ್ನಿಗೆ ಎಣ್ಣೆ ಸುರಿಯುತ್ತ, "ಗ್ರೀಸ್ ಗನ್ನಿಗೆ ಎಣ್ಣೆ ಹಾಕಿದರೆ ಎಲ್ಲ ಕಡೆಯಿಂದಲೂ ಸೋರುತ್ತೆ ಅಪ್ಪ" ಎಂದು ಗೊಣಗಿದ. "ಸೋರಲಿ ಕಣೋ, ಅಂಗಿ ಒಗೆಯಬಹುದು" ಎಂದೆ. ಕಾರ್ಖಾನೆಯವರು ಹೇಳಿದ್ದು ೬,೦೦೦ ಮೈಲಿಗೊಮ್ಮೆ. ಆದರೆ ಹಳೆಯ ಕಾರುಗಳು ಇಂದು ವರ್ಷಕ್ಕೆ ಅಷ್ಟು ಓಡುವುದಿಲ್ಲ. ಮೈಲಿಯನ್ನು ಕಾಯದೆ ವರ್ಷಕ್ಕೊಂದೆರಡು ಬಾರಿ ಎಣ್ಣೆ ಕೊಡುವುದೇ ಲೇಸು. ಮಗನ ಮನೆಯಲ್ಲಿ ಯುಗಾದಿಗೂ ಆಯುಧಪೂಜೆಗೂ ಎಂದು ಗೊತ್ತುಮಾಡಿ ಬಂದಿದ್ದೇನೆ. ಆಯುಧಪೂಜೆಯ ದಿನ ಕಾರಿಗೆ ಹೂ ಮುಡಿಸಿ ಕುಂಬಳಕಾಯಿ ಒಡೆಯುವ ಮೊದಲು ಕೀಲಿಗೆ ಎಣ್ಣೆ.

ಹನ್ನೊಂದು ದಿನಗಳ ಕೆಲಸ ಮುಗಿದ ಮೇಲೆ ಅಪ್ಪ ಮಗಳು ಇಬ್ಬರೂ ಕಾರಿನಲ್ಲಿ ಹೊರಟರು. ನಾನು ಗೇಟಿನ ಬಳಿ ನಿಂತಿದ್ದೆ. ಅವರು ಹಿಂದಿರುಗಿ ಬಂದು ಗೇಟಿನೊಳಕ್ಕೆ ತಿರುಗಿಸಲು ಸ್ಟಿಯರಿಂಗನ್ನು ಕೊನೆಯವರೆಗೆ ಸುತ್ತಿದಾಗ ನನ್ನ ಕಿವಿ ಆ ಹಳೆಯ ಶಬ್ದಕ್ಕಾಗಿ ಕಾಯುತ್ತಿತ್ತು. ಕೇಳಿಸಿದ್ದು ಜಲ್ಲಿಕಲ್ಲಿನ ಮೇಲೆ ಟೈರು ಹೊರಳುವ ಸದ್ದು ಮಾತ್ರ.

ತಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಸ್ಪಿಟ್‌ಫೈರ್ ಇದ್ದೀತು? ಒಬ್ಬರದೂ ಇಲ್ಲದಿರಬಹುದು. ಆದರೆ ಸ್ಕೂಟರಿಗೂ ಕಾರಿಗೂ ಮನೆಯ ಹೊಲಿಗೆ ಯಂತ್ರಕ್ಕೂ ಒಂದೊಂದು ಕೀಲಿದೆ. ಆ ಕೀಲಿಗೆ ಏನು ಬೇಕೆಂದು ಹೇಳುವ ಕೈಪಿಡಿ ಯಾವುದೋ ಅಟ್ಟದ ಪೆಟ್ಟಿಗೆಯಲ್ಲಿದೆ. ಮುಂದಿನ ಭಾನುವಾರ ಅದನ್ನು ಹುಡುಕಿ ತೆಗೆದು ಒಮ್ಮೆ ಓದಿ, ಆಮೇಲೆ ಎಣ್ಣೆಯ ಡಬ್ಬಿಗೆ ಕೈ ಹಾಕಿ. ನಾನು ನಾಲ್ಕು ವರ್ಷ ಓದದೆ ಬಿಟ್ಟೆ.